ಬಿಸಿಎಂ ಬದಲಿಸುವ ಮೊದಲು ಕಾರ್ಪೆಟ್ ಎತ್ತಿ ನೋಡಿ

ಪ್ರಶ್ನೆ: ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಕಾರು 2017ರದ್ದು. ಮಳೆಗಾಲ ಶುರುವಾದ ಮೇಲೆ ಅದಕ್ಕೆ ಭೂತ ಹೊಕ್ಕಂತಾಗಿದೆ. ನಿಂತಲ್ಲೇ ವೈಪರ್ ಓಡುತ್ತದೆ. ನಡುರಾತ್ರಿ ತಾನಾಗಿಯೇ ಲಾಕ್ ತೆಗೆದು ಹಾಕಿ ಮಾಡುತ್ತದೆ. ಎಡಗಡೆ ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟೂ ಮಿನುಗುತ್ತದೆ. ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಖಾಲಿ. ಗ್ಯಾರೇಜಿನವರು ಸ್ಕ್ಯಾನರ್ ಹಾಕಿದಾಗ 'ಯು 0140' ಕೋಡ್ ಬಂತು. 'ಬಿಸಿಎಂ (ಲೈಟು, ವೈಪರ್, ಲಾಕ್ ನೋಡಿಕೊಳ್ಳುವ ಕಂಟ್ರೋಲ್ ಪೆಟ್ಟಿಗೆ) ಹೋಗಿದೆ, ಹೊಸದು ಹಾಕಿ ಪ್ರೋಗ್ರಾಮ್ ಮಾಡಬೇಕು' ಅನ್ನುತ್ತಾರೆ. ಬದಲಿಸಲೇಬೇಕಾ?

ಉತ್ತರ: ಇರಿ, ಅವಸರ ಬೇಡ. ಆ ಕೋಡ್ ಬಿಸಿಎಂ ಸತ್ತಿದೆ ಅಂತ ಹೇಳುವುದಿಲ್ಲ. ಬಿಸಿಎಂ ಜೊತೆ ಮಾತು ನಿಂತಿದೆ ಅಂತ ಕಾರಿನ ಬೇರೆ ಕಂಟ್ರೋಲ್ ಪೆಟ್ಟಿಗೆಗಳು ಕೊಟ್ಟ ದೂರು ಅದು, ಅಷ್ಟೇ. ಪಕ್ಕದ ಮನೆಯವರು ಫೋನ್ ಎತ್ತುತ್ತಿಲ್ಲ ಅಂದರೆ ತೀರಿಹೋದರು ಅಂತಲ್ಲ, ಅಲ್ವಾ? ಫೋನಿನ ವೈರ್ ಕಡಿದಿರಬಹುದು, ಮನೆಯಲ್ಲಿ ಕರೆಂಟ್ ಇಲ್ಲದೆಯೂ ಇರಬಹುದು.

ಬಿಸಿಎಂ ಅಂದರೆ ಬಾಡಿ ಕಂಟ್ರೋಲ್ ಮಾಡ್ಯೂಲ್. ಲೈಟು, ಹಾರ್ನು, ವೈಪರ್, ಸೆಂಟ್ರಲ್ ಲಾಕ್, ಕಿಟಕಿ ಗಾಜು, ಎಷ್ಟೋ ಕಾರುಗಳಲ್ಲಿ ಚಾವಿಯ ಗುರುತು ಕೂಡ ಅದರ ಕೈಯಲ್ಲಿರುತ್ತದೆ. ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನ ಕೆಳಗೆ, ಫ್ಯೂಸ್ ಬಾಕ್ಸಿನ ಹತ್ತಿರ ಕೂತಿರುತ್ತದೆ. ನೀರು ಇಳಿದು ಬರುವುದೂ ಅಲ್ಲಿಗೇ.

ಅದಕ್ಕೇ ಮೊದಲ ಕೆಲಸ, ಡ್ರೈವರ್ ಕಾಲಡಿಯ ಕಾರ್ಪೆಟ್ ಎತ್ತಿ ಕೆಳಗಿನ ಸ್ಪಾಂಜ್ ಒತ್ತಿ ನೋಡುವುದು. ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ಒದ್ದೆ ಇರುತ್ತದೆ. ಪಕ್ಕದ ಸೀಟಿನ ಕಡೆಯೂ ನೋಡಿ. ವೈಪರ್ ಕೆಳಗೆ ಕಪ್ಪು ಪ್ಲಾಸ್ಟಿಕ್ ಜಾಲರಿ ಇದೆಯಲ್ಲ, ಅದರೊಳಗೆ ಮಳೆನೀರು ಹೊರಹೋಗಲು ತೂತುಗಳಿರುತ್ತವೆ. ಕಡಲತೀರದಲ್ಲಿ ಗಾಳಿಮರದ ಕೆಳಗೆ ಕಾರು ನಿಲ್ಲಿಸುವವರು ಗಮನಿಸಿ, ಅದರ ಸೂಜಿ ಎಲೆ ಆ ತೂತಿಗೆ ಬಿರಡೆ ಹಾಕಿದ ಹಾಗೆ ಕೂರುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ. ತುಂಬಿದ ನೀರು ವೈರಿಂಗ್ ಒಳಬರುವ ರಬ್ಬರ್ ಸಂದಿನಿಂದ ನುಸುಳಿ, ವೈರಿನ ಗುಂಟ ಇಳಿದು, ನೆಟ್ಟಗೆ ಬಿಸಿಎಂಗೆ ವೈರ್ ಜೋಡಿಸುವ ಕಪ್ಲರಿಗೆ ಬರುತ್ತದೆ.

ನಮ್ಮದು ಬರೀ ನೀರಲ್ಲ, ಉಪ್ಪಿನ ಪಸೆ. ಸ್ವಿಚ್ಚು ಒತ್ತಿದ್ದಾರೋ ಇಲ್ಲವೋ ಅಂತ ಬಿಸಿಎಂಗೆ ತಿಳಿಯುವುದು ವೈರಿನಲ್ಲಿ ಬರುವ ವೋಲ್ಟೇಜಿನಿಂದ. ಕಪ್ಲರಿನ ಎರಡು ಪಿನ್ ನಡುವೆ ಉಪ್ಪುನೀರು ಕೂತರೆ ಕರೆಂಟು ಅಲ್ಲೇ ಹರಿದಾಡುತ್ತದೆ. 'ಯಜಮಾನರು ವೈಪರ್ ಹಾಕಿದರು' ಅಂತ ಅದು ತಿಳಿದುಕೊಳ್ಳುತ್ತದೆ, ಓಡಿಸುತ್ತದೆ. ರಾತ್ರಿ ಲಾಕ್ ಆಡುವುದೂ ಹೀಗೇ. ಲಾಕ್ ಮಾಡಿ ಹೋದ ಮೇಲೆ ಕಾರಿನ ಪೆಟ್ಟಿಗೆಗಳೆಲ್ಲ ನಿದ್ದೆ ಮಾಡಬೇಕು. ಆಗ ಬ್ಯಾಟರಿಯಿಂದ ಎಳೆಯುವ ಕರೆಂಟು ಹೆಚ್ಚಿನ ಕಾರುಗಳಲ್ಲಿ 50 ಮಿಲಿಆಂಪಿಯರ್ ಒಳಗಿರುತ್ತದೆ. ನಿಮ್ಮ ಕಾರು ರಾತ್ರಿಯಿಡೀ ಎಚ್ಚರವಾಗಿದೆ. ಬ್ಯಾಟರಿ ಎರಡು ದಿನಕ್ಕೆ ಸೋಲುವುದರಲ್ಲಿ ಏನಾಶ್ಚರ್ಯ?

ಇಂಡಿಕೇಟರ್ ಜೊತೆ ಪಾರ್ಕಿಂಗ್ ಲೈಟ್ ಮಿನುಗುತ್ತದೆ ಅಂದಿರಿ. ನನಗೆ ಅನುಮಾನ ಅರ್ಥಿಂಗ್ ಮೇಲೆ. ಬಾಡಿಗೆ ಬೋಲ್ಟ್ ಹಾಕಿದ ಜಾಗದಲ್ಲಿ ತುಕ್ಕು ಹಿಡಿದರೆ ಕರೆಂಟಿಗೆ ವಾಪಸ್ ಹೋಗಲು ದಾರಿ ಸಿಗದೆ, ಪಕ್ಕದ ಬಲ್ಬಿನೊಳಗೆ ಹಾದು ಹೋಗುತ್ತದೆ. ಇದಕ್ಕೆ ಹೊಸ ಬಿಸಿಎಂ ಬೇಡ, ಒಂದು ತುಂಡು ಉಪ್ಪುಕಾಗದ ಸಾಕು.

ಗ್ಯಾರೇಜಿನವರಿಗೆ ಹೇಳಿ ಇಷ್ಟು ಮಾಡಿಸಿ. ರಾತ್ರಿ ನಿಲ್ಲಿಸಿದ ಕಾರಿನಲ್ಲಿ ಬ್ಯಾಟರಿ 12.6 ವೋಲ್ಟಿನ ಆಸುಪಾಸು ಇರಬೇಕು. 12.2 ಅಂದರೆ ಅರ್ಧ ಖಾಲಿ. ಬ್ಯಾಟರಿ ಸೋತಿದ್ದರೆ ಮೊದಲು ಅದನ್ನು ಸರಿಮಾಡಿ ಮತ್ತೆ ಸ್ಕ್ಯಾನ್ ಹಾಕಲಿ, ಅರ್ಧ ಕೋಡುಗಳು ತಾವಾಗಿ ಹೋದರೂ ಹೋದಾವು. ಆಮೇಲೆ ಬಿಸಿಎಂಗೆ ಬರುವ ಫ್ಯೂಸ್ ಎಲ್ಲ ನೋಡಲಿ, ಒಂದೇ ಇರುವುದಿಲ್ಲ. ಕೊನೆಗೆ ಬ್ಯಾಟರಿ ಬಿಚ್ಚಿಟ್ಟು, ಸ್ಕ್ಯಾನರ್ ಹಾಕುವ 16 ಪಿನ್ ಸಾಕೆಟ್ಟಿನಲ್ಲಿ ಕ್ಯಾನ್ ಲೈನಿನ, ಅಂದರೆ ಪೆಟ್ಟಿಗೆಗಳು ತಮ್ಮೊಳಗೆ ಮಾತಾಡುವ ಜೋಡಿ ವೈರಿನ, 6 ಮತ್ತು 14ನೇ ಪಿನ್ ನಡುವೆ ಮಲ್ಟಿಮೀಟರ್ ಹಿಡಿಯಲಿ. ಆ ಲೈನಿನ ಎರಡೂ ತುದಿಯಲ್ಲಿ 120 ಓಮ್‌ನ ರೆಸಿಸ್ಟರ್ ಇರುತ್ತದೆ, ಎರಡೂ ಪ್ಯಾರಲಲ್ ಆಗಿ ಸೇರಿರುವುದರಿಂದ ಸರಿಯಿದ್ದರೆ 60ರ ಹತ್ತಿರ ತೋರಿಸಬೇಕು. 120 ಬಂದರೆ ಎಲ್ಲೋ ವೈರ್ ತುಂಡಾಗಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. ಕೆಲವು ಕಾರುಗಳಲ್ಲಿ ಆ ಸಾಕೆಟ್ಟಿಗೂ ಒಳಗಿನ ಲೈನಿಗೂ ನಡುವೆ ಇನ್ನೊಂದು ಪೆಟ್ಟಿಗೆ ಕೂತಿರುತ್ತದೆ, ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಆ ಕಾರಿನ ವೈರಿಂಗ್ ನಕ್ಷೆ ನೋಡಿಯೇ ಅಳೆಯಬೇಕು.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಬಿಸಿಎಂ ಬಿಚ್ಚಲಿ. ಹಸಿರು ಕಿಲುಬು ಕಂಡರೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆತ್ತಗಿನ ಬ್ರಶ್ಶಿನಲ್ಲಿ ತೊಳೆದು, ಪೂರಾ ಒಣಗಿಸಿ ಹಾಕಬಹುದು. ಪಿನ್ ಕರಗಿ ಹೋಗಿದ್ದರೆ, ಬೋರ್ಡಿನ ಗೆರೆ ಸವೆದಿದ್ದರೆ ಬದಲಿಸುವುದೇ ಸರಿ.

ನಾನೂ ಒಮ್ಮೆ ಬೈಸಿಕೊಂಡಿದ್ದೇನೆ. ಹೊಸ ಬಿಸಿಎಂ ಹಾಕಿ, ಕೀ ಹೊಂದಿಸಿ, ನಗುನಗುತ್ತಾ ಕಾರು ಕೊಟ್ಟೆ. ನಾಲ್ಕು ಮಳೆಗೆ ಅದೂ ಹಸಿರು ಹಿಡಿಯಿತು. ನೀರು ಬರುವ ದಾರಿ ಮುಚ್ಚದೆ ಪೆಟ್ಟಿಗೆ ಮಾತ್ರ ಬದಲಿಸಿದ್ದೆ. ಎರಡನೆಯದಕ್ಕೆ ದುಡ್ಡು ನನ್ನ ಕಿಸೆಯಿಂದ ಹೋಯಿತು.

ಬದಲಿಸುವುದೇ ಆದರೆ, 'ಪ್ರೋಗ್ರಾಮಿಂಗ್' ಅನ್ನುವ ಒಂದು ಮಾತಿನಲ್ಲಿ ಎರಡು ಮೂರು ಕೆಲಸ ಸೇರಿವೆ. ಹೊಸ ಪೆಟ್ಟಿಗೆಗೆ ನಿಮ್ಮ ಕಾರಿನ 17 ಅಕ್ಷರದ ಚಾಸಿ ನಂಬರ್ ಕೊಡಬೇಕು. ಯಾವ ವೇರಿಯಂಟ್, ಹಿಂದಿನ ವೈಪರ್ ಇದೆಯೋ ಇಲ್ಲವೋ, ಎಷ್ಟು ಕಿಟಕಿಗೆ ಪವರ್ ಅಂತೆಲ್ಲ ಹೇಳಿಕೊಡಬೇಕು. ಚಾವಿಗಳನ್ನು ಪರಿಚಯಿಸಬೇಕು. ಚಾವಿ ಕಲಿಸುವಾಗ ಮನೆಯಲ್ಲಿರುವ ಎಲ್ಲವನ್ನೂ ಒಯ್ಯಿರಿ. ಎಷ್ಟೋ ಕಾರುಗಳಲ್ಲಿ ಆ ಹೊತ್ತಿಗೆ ಎದುರಿಗಿಲ್ಲದ ಚಾವಿ ಪಟ್ಟಿಯಿಂದ ಅಳಿಸಿಹೋಗುತ್ತದೆ. ಹಳೇ ಬಿಸಿಎಂ ಸ್ಕ್ಯಾನರಿಗೆ ಇನ್ನೂ ಉತ್ತರ ಕೊಡುತ್ತಿದ್ದರೆ, ಬಿಚ್ಚುವ ಮೊದಲೇ ಅದರ ಸೆಟ್ಟಿಂಗ್ ಓದಿ ಉಳಿಸಿಟ್ಟುಕೊಳ್ಳಲು ಹೇಳಿ. ಬಿಚ್ಚುವ ಮುಂಚೆ ಬ್ಯಾಟರಿ ತೆಗೆದು ಕೆಲವು ನಿಮಿಷ ಕಾಯಲಿ, ಏರ್‌ಬ್ಯಾಗ್ ವೈರುಗಳೂ ಅದೇ ಕಡೆ ಓಡುತ್ತವೆ.

ಪ್ರೋಗ್ರಾಮ್ ನಡೆಯುವಾಗ ವೋಲ್ಟೇಜ್ ಕುಸಿದರೆ ಹೊಸ ಪೆಟ್ಟಿಗೆಯೂ ಅರ್ಧ ಬರೆದ ಪಟ್ಟಿಯಂತಾಗಿ ಕೂರುತ್ತದೆ. ಬೀದಿಯಲ್ಲಿ ಸಿಗುವ ಬ್ಯಾಟರಿ ಚಾರ್ಜರ್ ಹಚ್ಚುವುದು ಬೇಡ, ಏರಿಳಿತವಿಲ್ಲದೆ ಒಂದೇ ಸಮನೆ ವೋಲ್ಟೇಜ್ ಕೊಡುವ ಸಪ್ಲೈ ಬೇಕು. ಕೆಲವು ಕಂಪನಿಗಳ ಉಪಕರಣಕ್ಕೆ ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರ್ ಜೊತೆ ಸಂಪರ್ಕವೂ ಬೇಕು. ನಿಮ್ಮ ಕಂಪನಿಯ ಸರ್ವಿಸ್ ಸೆಂಟರ್ ಊರಿನಲ್ಲಿಲ್ಲದಿದ್ದರೆ ಹುಬ್ಬಳ್ಳಿಗೋ ಮಡಗಾಂವಿಗೋ ಒಯ್ಯಬೇಕಾದೀತು. ಆದರೆ ಈ ಕಾರನ್ನು ಮಳೆಯಲ್ಲಿ ಓಡಿಸಿಕೊಂಡು ಹೋಗಬೇಡಿ. ಅರಬೈಲ್ ಘಟ್ಟದ ತಿರುವಿನಲ್ಲಿ ವೈಪರ್ ನಿಂತರೆ ಏನು ಮಾಡ್ತೀರಿ? ಟೋ ಮಾಡಿಸಿ.

ಪ್ರಶ್ನೆ: ಶಿರಸಿ ಹತ್ತಿರ ನಮ್ಮದು ತೋಟದ ಮನೆ. ಇಲಿ ವೈರ್ ಕಡಿದು ಬಿಸಿಎಂ ಶಾರ್ಟ್ ಆಯಿತು. ಗುಜರಿಯಿಂದ ಅದೇ ಮಾಡೆಲಿನ ಬಿಸಿಎಂ ತಂದು ಹಾಕಿಸಿದೆ. ಲೈಟು, ಹಾರ್ನು ಎಲ್ಲ ಸರಿ. ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಮೀಟರಿನಲ್ಲಿ ಚಾವಿ ಗುರುತು ಮಿನುಗುತ್ತದೆ. ಮೋಸ ಹೋದೆನಾ?

ಉತ್ತರ: ಮೋಸ ಅಲ್ಲ, ಪೆಟ್ಟಿಗೆ ಇನ್ನೂ ಹಳೇ ಯಜಮಾನನನ್ನು ಮರೆತಿಲ್ಲ. ನಿಮ್ಮ ಚಾವಿಯ ಹಿಡಿಯಲ್ಲಿ ಒಂದು ಸಣ್ಣ ಚಿಪ್ ಇದೆ, ಅದಕ್ಕೆ ಬ್ಯಾಟರಿ ಬೇಡ. ಚಾವಿ ತಿರುಗಿಸುವ ಜಾಗದ ಸುತ್ತ ಇರುವ ಸುರುಳಿಯಿಂದಲೇ ಶಕ್ತಿ ಪಡೆದು ತನ್ನ ಗುರುತು ಹೇಳುತ್ತದೆ. ನಿಮ್ಮ ಕಾರಿನಂಥವುಗಳಲ್ಲಿ ಅದನ್ನು ಒಪ್ಪುವುದು ಬಿಸಿಎಂ. ಒಪ್ಪಿದ ಮೇಲೆ ಎಂಜಿನ್ ನಡೆಸುವ ಪೆಟ್ಟಿಗೆಯಾದ ಇಸಿಯುಗೆ ಒಂದು ಗುಟ್ಟಿನ ಮಾತು ಕಳಿಸಬೇಕು. ನಿಮ್ಮ ಇಸಿಯುಗೆ ಗೊತ್ತಿರುವುದು ಹಳೇ ಬಿಸಿಎಂನ ಗುಟ್ಟು. ಗುಜರಿಯಿಂದ ಬಂದದ್ದಕ್ಕೆ ಬೇರೆ ಕಾರಿನ ಗುಟ್ಟು ಗೊತ್ತು.

ಹಳೇ ಬಿಸಿಎಂ ಎಲ್ಲಿದೆ? ಗುಜರಿಯವನಿಗೇ ವಾಪಸ್ ಕೊಟ್ಟಿದ್ದರೆ ಇವತ್ತೇ ಹೋಗಿ ತನ್ನಿ. ಶಾರ್ಟ್ ಆದಾಗ ಸುಡುವುದು ಹೆಚ್ಚಾಗಿ ಲೈಟು, ಲಾಕಿಗೆ ಕರೆಂಟ್ ಕೊಡುವ ಭಾಗ. ನೆನಪಿನ ಚಿಪ್ ಸಾಮಾನ್ಯವಾಗಿ ಉಳಿದಿರುತ್ತದೆ. ಆ ಚಿಪ್ಪಿನ ಮಾಹಿತಿ ಓದಿ ಗುಜರಿ ಪೆಟ್ಟಿಗೆಗೆ ಬರೆದರೆ, ನಿಮ್ಮ ಕಾರಿಗೆ ಪೆಟ್ಟಿಗೆ ಬದಲಾದದ್ದೇ ಗೊತ್ತಾಗುವುದಿಲ್ಲ. ಇದಕ್ಕೆ ಕ್ಲೋನಿಂಗ್ ಅನ್ನುತ್ತಾರೆ. ಗುಜರಿ ಪೆಟ್ಟಿಗೆಯಲ್ಲಿರುವ ಹಳೇ ಮಾಹಿತಿ ಪೂರಾ ಅಳಿಸಿ ಹೊಸದರಂತೆ ಮಾಡುವುದಕ್ಕೆ 'ವರ್ಜಿನ್ ಮಾಡೋದು' ಅನ್ನುತ್ತಾರೆ. ಹಾಗೆ ಮಾಡಿಸಿದರೆ ಚಾವಿಗಳನ್ನು ಮತ್ತೆ ಕಲಿಸಬೇಕು, ಇಸಿಯು ಜೊತೆಯೂ ಹೊಂದಿಸಬೇಕು. ನಿಮ್ಮ ಹಳೇ ಬಿಸಿಎಂ ಕೈಯಲ್ಲಿದ್ದರೆ ನನ್ನ ಓಟು ಕ್ಲೋನಿಂಗಿಗೇ.

ಎರಡು ಎಚ್ಚರಿಕೆ. ಪೆಟ್ಟಿಗೆ ಮೇಲಿನ ಪಾರ್ಟ್ ನಂಬರ್ ಕೊನೆಯ ಅಕ್ಷರದ ತನಕ ಹೊಂದಬೇಕು. ಮಾಡೆಲ್ ಒಂದೇ ಆದರೂ ವೇರಿಯಂಟ್ ಬೇರೆಯಾದರೆ ಪೆಟ್ಟಿಗೆಯೂ ಬೇರೆ. ಇನ್ನೊಂದು, ಕೆಲವು ಕಾರುಗಳಲ್ಲಿ ಓಡಿದ ಕಿಲೋಮೀಟರಿನ ಲೆಕ್ಕ ಬಿಸಿಎಂನಲ್ಲೂ ಇರುತ್ತದೆ. ಕೆಲಸ ಮಾಡಿಸುವ ಮುಂಚೆ ಮೀಟರಿನ ಫೋಟೋ ತೆಗೆದಿಡಿ. ಕೆಲಸ ಒಪ್ಪಿಸುವಾಗ ಆರ್‌ಸಿ ತೋರಿಸಿ ಅಂದರೆ ಸಿಟ್ಟಾಗಬೇಡಿ. ಆರ್‌ಸಿ ಕೇಳದೆ ಚಾವಿ ಮಾಡಿಕೊಡುವವನ ಹತ್ತಿರ ನಾನಂತೂ ಕಾರು ಬಿಡುವುದಿಲ್ಲ.

ಇಲಿಯ ವಿಷಯ. ಕಡಿದ ವೈರಿಗೆ ಬರೀ ಟೇಪ್ ಸುತ್ತಿದ್ದರೆ ಬಿಚ್ಚಿಸಿ, ಬೆಸುಗೆ ಹಾಕಿಸಿ ಸ್ಲೀವ್ ಏರಿಸಿ. ಆ ಶಾರ್ಟ್ ಉಳಿದರೆ ಗುಜರಿ ಪೆಟ್ಟಿಗೆಯೂ ಸುಡುತ್ತದೆ. ಅಡಿಕೆ, ಭತ್ತದ ಮೂಟೆ ಇಡುವ ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸುವುದನ್ನೂ ಬಿಡಿ. ತಂಬಾಕು ಎಲೆ ಬಾನೆಟ್ಟಿನಲ್ಲಿಡುವ ಉಪಾಯ ಎಲ್ಲರೂ ಹೇಳುತ್ತಾರೆ. ನಮ್ಮ ಮನೆ ಇಲಿಗಳಿಗೆ ಅದು ಹಿಡಿಸಿದಂತಿತ್ತು.

ಪ್ರಶ್ನೆ: ಹೊನ್ನಾವರದಿಂದ. ಬಿಸಿಎಂ ಬದಲಿಸಿದ ಮೇಲೆ ಡ್ರೈವರ್ ಕಿಟಕಿಯ ಗಾಜು ಒಂದೇ ಒತ್ತಿಗೆ ಪೂರಾ ಏರುವುದಿಲ್ಲ. ಮತ್ತೆ ಬಿಚ್ಚಬೇಕಾ?

ಉತ್ತರ: ಬೇಡ. ಗಾಜು ಎಲ್ಲಿಂದ ಎಲ್ಲಿಯವರೆಗೆ ಓಡಬೇಕು ಅನ್ನುವುದು ಕಿಟಕಿಯ ವ್ಯವಸ್ಥೆಗೆ ಮರೆತುಹೋಗಿದೆ. ಎಂಜಿನ್ ಸ್ಟಾರ್ಟ್ ಮಾಡಿ ಗಾಜನ್ನು ಪೂರಾ ಇಳಿಸಿ. ಆಮೇಲೆ ಸ್ವಿಚ್ಚನ್ನು ಮೇಲಕ್ಕೆ ಎಳೆದು ಹಿಡಿದು, ಗಾಜು ಮುಚ್ಚಿದ ಮೇಲೂ ಕೆಲವು ಸೆಕೆಂಡು ಬಿಡಬೇಡಿ. ಹೆಚ್ಚಿನ ಕಾರುಗಳಿಗೆ ಇಷ್ಟು ಸಾಕು. ಆಗದಿದ್ದರೆ ಕಾರಿನ ಜೊತೆ ಬಂದ ಪುಸ್ತಕದಲ್ಲಿ ನಿಮ್ಮ ಮಾಡೆಲಿನ ಕ್ರಮ ಇರುತ್ತದೆ. ಗಾಜಿನ ಸಂದಿನಲ್ಲಿ ಮಕ್ಕಳ ಕೈ ಇಲ್ಲ ಅಂತ ನೋಡಿಕೊಂಡು ಮಾಡಿ. ಕಲಿಯುವ ತನಕ, ಕೈ ಸಿಕ್ಕರೆ ತಾನೇ ನಿಲ್ಲುವ ವ್ಯವಸ್ಥೆ ಕೆಲಸ ಮಾಡದೇ ಇರಬಹುದು.