ಶಾಸಕರು, ಸಂಸದರು ಕಳಿಸುವ ಸಾಧನೆಯ ಪುಸ್ತಿಕೆಯಲ್ಲಿ ಎಷ್ಟನ್ನು ನಂಬಬಹುದು?

ನೀವು ಕೇಳಿದ್ದು ಇಷ್ಟು: ಮನೆಗೆ ಶಾಸಕರದ್ದೊಂದು, ಸಂಸದರದ್ದೊಂದು ಪುಸ್ತಿಕೆ ಬಂದಿದೆ. ಎರಡರಲ್ಲೂ "ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ತಂದೆವು" ಅಂತ ಬರೆದಿದ್ದಾರೆ. ಗಿಗ್ ಕಾರ್ಮಿಕರು ಅಂದರೆ ಸಂಬಳವಿಲ್ಲದೆ, ಆ್ಯಪ್ ಮೂಲಕ ಬಂದ ಒಂದೊಂದು ಕೆಲಸಕ್ಕೆ ಇಷ್ಟು ಅಂತ ದುಡ್ಡು ಪಡೆಯುವವರು. ನಿಮ್ಮ ತಮ್ಮ ಫುಡ್ ಡೆಲಿವರಿ ಮಾಡುತ್ತಾನೆ. ಅವನಿಗೆ ಇದರಿಂದ ನಿಜವಾಗಿ ಏನಾದರೂ ಸಿಗುತ್ತದಾ, ಇಲ್ಲ ಸುಮ್ನೆ ಪ್ರಚಾರವಾ?

ನಾನು ಕೆಲವು ವರ್ಷ ಒಬ್ಬ ಶಾಸಕರ ಆಫೀಸಿನಲ್ಲಿ ಕೆಲಸ ಮಾಡಿದವನು. ಅರ್ಜಿ ನೋಡುವುದು, ಇಲಾಖೆಗಳಿಗೆ ಪತ್ರ ಬರೆಯುವುದು, ಅಧಿವೇಶನ ಮುಗಿದ ಮೇಲೆ ಇಂಥ ಪುಸ್ತಿಕೆಗೆ ಮ್ಯಾಟರ್ ಸಿದ್ಧ ಮಾಡುವುದು ಎಲ್ಲ ನಮ್ಮದೇ ಪಾಲು. ಆ ಅನುಭವದಿಂದ ಹೇಳುವುದಾದರೆ ಅದರಲ್ಲಿ ಹಸಿಸುಳ್ಳು ತೀರಾ ಕಡಿಮೆ ಇರುತ್ತದೆ. ಸುಳ್ಳು ಬರೆದರೆ ಎದುರು ಪಕ್ಷದವರು ಮಾರನೇ ದಿನವೇ ಹಿಡಿದು ಎಳೆದಾಡುತ್ತಾರೆ, ಆ ಭಯ ಎಲ್ಲರಿಗೂ ಇದೆ. ಜಾಣತನ ಇರುವುದು ಬೇರೆ ಕಡೆ. ಕೆಲಸ ಯಾವ ಹಂತಕ್ಕೆ ಬಂದು ನಿಂತಿದೆ ಅನ್ನುವುದನ್ನು ಹೇಳದೆ ಬಿಡುತ್ತಾರೆ, ಮತ್ತೆ ಹತ್ತಾರು ಜನ ಸೇರಿ ಮಾಡಿದ್ದನ್ನು ಒಬ್ಬರ ಫೋಟೋ ಕೆಳಗೆ ಹಾಕುತ್ತಾರೆ.

ನಿಮ್ಮ ತಮ್ಮನ ವಿಷಯದಿಂದಲೇ ಶುರು ಮಾಡೋಣ. ಎರಡೂ ಪುಸ್ತಿಕೆ ಹೇಳುತ್ತಿರುವುದು ನಿಜ, ಆದರೆ ಅವು ಎರಡು ಬೇರೆ ಬೇರೆ ಕಾನೂನು. ಸಂಸದರು ಹೇಳುತ್ತಿರುವುದು ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ. ಅದಕ್ಕೆ ಸಂಸತ್ತು ಒಪ್ಪಿಗೆ ಕೊಟ್ಟಿದ್ದು 2020ರಲ್ಲಿ, ಜಾರಿಗೆ ಬಂದಿದ್ದು 2025ರ ನವೆಂಬರ್ 21ಕ್ಕೆ. ನಡುವೆ ಐದು ವರ್ಷ ಆ ಕಾನೂನು ಪುಸ್ತಕದಲ್ಲೇ ಇತ್ತು! ಆ ಐದು ವರ್ಷದಲ್ಲಿ ಬಂದ ಯಾವ ಪುಸ್ತಿಕೆಯಲ್ಲಾದರೂ "ಗಿಗ್ ಕಾರ್ಮಿಕರಿಗೆ ಸಾಮಾಜಿಕ ಭದ್ರತೆ ಕೊಟ್ಟೆವು" ಅಂತ ಬರೆದಿದ್ದರೆ ಅದನ್ನು ಸುಳ್ಳು ಅನ್ನುವುದು ಕಷ್ಟ, ಆದರೆ ಡೆಲಿವರಿ ಹುಡುಗರ ಕೈಗೆ ಅದರಿಂದ ನಯಾಪೈಸೆ ಬಂದಿರುವುದಿಲ್ಲ.

ಶಾಸಕರು ಹೇಳುತ್ತಿರುವುದು ನಮ್ಮ ಕರ್ನಾಟಕ ರಾಜ್ಯದ ಕಾಯ್ದೆ. 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ, ಅಂದರೆ ಸದನ ನಡೆಯದಿದ್ದಾಗ ತರುವ ತಾತ್ಕಾಲಿಕ ಕಾನೂನಾಗಿ ಬಂತು, ಆಗಸ್ಟ್‌ನಲ್ಲಿ ವಿಧಾನಮಂಡಲದಲ್ಲಿ ಪಾಸಾಯಿತು, ಆಮೇಲೆ ರಾಜ್ಯಪಾಲರ ಅಂಕಿತ ಸಿಕ್ಕಿತು. "ದೇಶದಲ್ಲೇ ಮೊದಲು" ಅಂತ ಯಾರಾದರೂ ಬರೆದಿದ್ದರೆ ನಂಬಬೇಡಿ, ರಾಜಸ್ಥಾನ 2023ರಲ್ಲೇ ಇಂಥ ಕಾಯ್ದೆ ಮಾಡಿತ್ತು.

ಎರಡರಲ್ಲೂ ದುಡ್ಡು ಕೊಡಬೇಕಾದ್ದು ಕಂಪನಿ, ಲೆಕ್ಕ ಮಾತ್ರ ಬೇರೆ. ಕೇಂದ್ರದ ಸಂಹಿತೆಯಲ್ಲಿ ಕಂಪನಿಯ ವಾರ್ಷಿಕ ವಹಿವಾಟಿನ ಶೇ 1ರಿಂದ 2ರಷ್ಟು, ಅದೂ ಕಾರ್ಮಿಕರಿಗೆ ಕೊಡುವ ಮೊತ್ತದ ಶೇ 5 ಮೀರದಂತೆ. ರಾಜ್ಯದ ಕಾಯ್ದೆಯಲ್ಲಿ ಕಾರ್ಮಿಕನಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ. ಅಂದರೆ ಒಂದು ಡೆಲಿವರಿಗೆ ನಿಮ್ಮ ತಮ್ಮನಿಗೆ 50 ರೂಪಾಯಿ ಸಿಕ್ಕರೆ ಅದರ ಮೇಲೆ ಕಂಪನಿ 50 ಪೈಸೆಯಿಂದ ಎರಡೂವರೆ ರೂಪಾಯಿವರೆಗೆ ನಿಧಿಗೆ ಕಟ್ಟಬೇಕು. ಇಷ್ಟು ಅಗಲದ ಅಂತರ ಇರುವುದರಿಂದ ಕಾಯ್ದೆಗಿಂತ ಮುಖ್ಯವಾಗುವುದು ಯಾವ ಸೇವೆಗೆ ಎಷ್ಟು ದರ ಅಂತ ಸರ್ಕಾರ ಹೊರಡಿಸುವ ಅಧಿಸೂಚನೆ. ಪುಸ್ತಿಕೆಯಲ್ಲಿ ಅದೇ ಇರುವುದಿಲ್ಲ, ಯಾಕಂದರೆ ಅಧಿಸೂಚನೆ ಜೊತೆ ಫೋಟೋ ತೆಗೆಸಿಕೊಳ್ಳಲು ಆಗುವುದಿಲ್ಲ ನೋಡಿ.

ಆ ಹಣ ನೇರ ತಮ್ಮನ ಖಾತೆಗೂ ಬರುವುದಿಲ್ಲ. ರಾಜ್ಯದ ಶುಲ್ಕ ಗಿಗ್ ಕಾರ್ಮಿಕರ ಕಲ್ಯಾಣ ಮಂಡಳಿಯ ನಿಧಿಗೆ ಹೋಗಿ, ಅಲ್ಲಿಂದ ಯೋಜನೆಗಳ ಮೂಲಕ ಬರಬೇಕು. ಅದಕ್ಕಿಂತ ಬೇಗ ಉಪಯೋಗಕ್ಕೆ ಬರುವುದು ರಾಜ್ಯದ ಕಾಯ್ದೆಯ ಇನ್ನೊಂದು ಅಂಶ: ಕೆಲವು ಸಂದರ್ಭ ಬಿಟ್ಟರೆ, ಕಾರಣ ಬರೆದು ಕೊಟ್ಟು 14 ದಿನ ಮುಂಚೆ ನೋಟಿಸ್ ಕೊಡದೆ ಕಂಪನಿ ಕೆಲಸದಿಂದ ತೆಗೆಯುವಂತಿಲ್ಲ. ರಾತ್ರಿ ಇದ್ದಕ್ಕಿದ್ದಂತೆ ಐಡಿ ಬ್ಲಾಕ್ ಆಗಿ ಬೆಳಿಗ್ಗೆ ಯಾರಿಗೆ ಫೋನ್ ಮಾಡಬೇಕು ಅಂತಲೂ ಗೊತ್ತಾಗದೆ ಒದ್ದಾಡಿದವರನ್ನು ಕೇಳಿ, ಇದರ ಬೆಲೆ ಗೊತ್ತಾಗುತ್ತದೆ. ಹಾಗಾಗಿ ತಮ್ಮನಿಗೆ ಹೇಳಿ, ಮಂಡಳಿಯಲ್ಲಿ ತನ್ನ ಹೆಸರು ನೋಂದಣಿ ಆಗಿದೆಯಾ, ಗುರುತಿನ ಸಂಖ್ಯೆ ಬಂದಿದೆಯಾ ಅಂತ ಮೊದಲು ನೋಡಿಕೊಳ್ಳಲಿ. ಅಸಂಘಟಿತ ಕಾರ್ಮಿಕರಿಗಾಗಿ ಇರುವ ಕೇಂದ್ರದ ಇ-ಶ್ರಮ್ ನೋಂದಣಿ ಅದರ ಜೊತೆಗೆ ಬೇರೆಯಾಗಿ ಇರಲಿ. ಅಂದ ಹಾಗೆ, ರಾಜ್ಯದಲ್ಲಿ ಗಿಗ್ ಕಾರ್ಮಿಕರಿಗೆ 2 ಲಕ್ಷದ ಜೀವ ವಿಮೆ ಮತ್ತು 2 ಲಕ್ಷದ ಅಪಘಾತ ವಿಮೆಯ ಯೋಜನೆ ಈ ಕಾಯ್ದೆಗೆ ಮುಂಚೆಯೇ 2023ರ ಬಜೆಟ್‌ನಲ್ಲಿ ಘೋಷಣೆಯಾಗಿತ್ತು. ಎರಡನ್ನೂ ಸೇರಿಸಿ ಒಂದೇ ಸಾಧನೆ ಅಂತ ಬರೆದಿದ್ದರೂ ಬರೆದಿರಬಹುದು.

ಈಗ ಉಳಿದ ಪುಟಗಳು. ನಾನು ಯಾವುದೇ ಪುಸ್ತಿಕೆ ಕೈಗೆ ಬಂದರೂ ಪ್ರತಿ ಸಾಲಿಗೂ ಮೊದಲು ನೋಡುವುದು ಇದು ಸಂಪುಟದ ತೀರ್ಮಾನವಾ, ಸದನದಲ್ಲಿ ಮಂಡನೆಯಾದ ಮಸೂದೆಯಾ, ಪಾಸಾದದ್ದಾ, ಅಂಕಿತ ಬಿದ್ದದ್ದಾ, ರಾಜ್ಯಪತ್ರದಲ್ಲಿ (ಸರ್ಕಾರದ ಗೆಜೆಟ್) ಬಂದು ಜಾರಿಯಾದದ್ದಾ ಅಂತ. ಒಂದೊಂದರ ನಡುವೆಯೂ ಬೇಕಾದಷ್ಟು ಗುಂಡಿಗಳಿವೆ. 2024ರ ಜುಲೈನಲ್ಲಿ ಸ್ಥಳೀಯರಿಗೆ ಖಾಸಗಿ ಕೆಲಸದಲ್ಲಿ ಮೀಸಲು ಕೊಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದ್ದು ನೆನಪಿರಬೇಕಲ್ಲ, ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70. ಉದ್ಯಮದವರು ಗಲಾಟೆ ಮಾಡಿದ ಮೇಲೆ ಒಂದೆರಡು ದಿನದಲ್ಲೇ ಅದನ್ನು ತಡೆಹಿಡಿದರು, ಸದನದ ಬಾಗಿಲಿಗೂ ಬರಲಿಲ್ಲ. ಆ ಒಂದೆರಡು ದಿನದಲ್ಲಿ ಅಭಿನಂದನೆಯ ಪೋಸ್ಟರ್ ಹಾಕಿದವರು ಎಷ್ಟು ಜನವೋ!

ಮಂಡನೆಯಾದರೂ ಮುಗಿಯಲಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹತ್ತಿರ ಕಾಲ್ತುಳಿತದಲ್ಲಿ 11 ಜನ ಸತ್ತ ಮೇಲೆ ಜನಸಂದಣಿ ನಿಯಂತ್ರಣಕ್ಕೆ ಮಸೂದೆ ತಂದರು. ಆಗಸ್ಟ್‌ನಲ್ಲಿ ಮಂಡಿಸಿದರು, ಚರ್ಚೆಯಲ್ಲಿ ಆಕ್ಷೇಪ ಬಂದಾಗ ಸದನ ಸಮಿತಿಗೆ ಒಪ್ಪಿಸಿದರು. ನನ್ನ ಅಭಿಪ್ರಾಯದಲ್ಲಿ ಇದು ಒಳ್ಳೆಯದೇ. ಅವಸರದಲ್ಲಿ ಪಾಸು ಮಾಡುವುದಕ್ಕಿಂತ ಸಮಿತಿಯಲ್ಲಿ ಕೂತು ಸಾಲು ಸಾಲು ಓದುವುದು ವಾಸಿ. ಆದರೆ "ಸಮಿತಿಗೆ ಕಳಿಸಿದೆವು" ಅಂತ ಯಾವ ಪುಸ್ತಿಕೆಯೂ ಹೆಮ್ಮೆಯಿಂದ ಬರೆಯುವುದಿಲ್ಲ.

ಪಾಸಾದ ಮೇಲೆ ರಾಜಭವನ. ರಾಜ್ಯಪಾಲರು ಅಂಕಿತ ಹಾಕಬಹುದು, ವಾಪಸ್ ಕಳಿಸಬಹುದು, ರಾಷ್ಟ್ರಪತಿಗೆ ಕಾಯ್ದಿರಿಸಬಹುದು. ಮೈಕ್ರೋಫೈನಾನ್ಸ್ ಕಿರುಕುಳ ತಡೆಯುವ ಸುಗ್ರೀವಾಜ್ಞೆಯನ್ನು 2025ರ ಫೆಬ್ರವರಿಯಲ್ಲಿ ರಾಜ್ಯಪಾಲರು ಮೊದಲು ಪ್ರಶ್ನೆ ಹಾಕಿ ಹಿಂದಕ್ಕೆ ಕಳಿಸಿ, ಸರ್ಕಾರ ವಿವರಣೆ ಕೊಟ್ಟ ಮೇಲೆ ಒಪ್ಪಿದರು. ಅದೇ ವರ್ಷ ಸರ್ಕಾರಿ ಗುತ್ತಿಗೆಯಲ್ಲಿ ಮುಸ್ಲಿಮರಿಗೆ ಶೇ 4 ಮೀಸಲಿನ ಮಸೂದೆಯನ್ನು ರಾಷ್ಟ್ರಪತಿಗೆ ಕಾಯ್ದಿರಿಸಿದರು. ಇಷ್ಟೇ ದಿನದಲ್ಲಿ ಸಹಿ ಹಾಕಬೇಕು ಅಂತ ಕೋರ್ಟ್ ಗಡುವು ಕೊಡಲು ಆಗುವುದಿಲ್ಲ ಅಂತ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಭಿಪ್ರಾಯ ಕೊಟ್ಟಿದೆ. ಹಾಗಾಗಿ "ಸದನದಲ್ಲಿ ಪಾಸಾಗಿದೆ" ಅನ್ನುವ ಸಾಲನ್ನು ಓದಿದರೆ ಅಲ್ಲಿಗೇ ಖುಷಿ ಪಡಬೇಡಿ.

ಸಹಿ ಬಿದ್ದ ಮೇಲೂ ನಿಯಮ ಬರಬೇಕು. ನಮ್ಮ ಮೊಬೈಲ್ ನಂಬರ್, ಆಧಾರ್ ಮಾಹಿತಿ ಎಲ್ಲ ಕಾಪಾಡಲು ಮಾಡಿದ ಡೇಟಾ ರಕ್ಷಣೆ ಕಾಯ್ದೆಗೆ 2023ರ ಆಗಸ್ಟ್‌ನಲ್ಲೇ ರಾಷ್ಟ್ರಪತಿ ಅಂಕಿತ ಸಿಕ್ಕಿತ್ತು. ನಿಯಮಗಳು ಹೊರಬಂದಿದ್ದು 2025ರ ನವೆಂಬರ್‌ನಲ್ಲಿ, ಅದರಲ್ಲೂ ಕಂಪನಿಗಳ ಮುಖ್ಯ ಜವಾಬ್ದಾರಿಗಳಿಗೆ ಇನ್ನೂ 18 ತಿಂಗಳ ಅವಕಾಶ ಕೊಟ್ಟರು. ಮಹಿಳಾ ಮೀಸಲಾತಿ ತಿದ್ದುಪಡಿಯೂ 2023ರದ್ದೇ. ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಅಂತ ಅದರಲ್ಲೇ ಬರೆದಿದ್ದಾರೆ. ಪುಸ್ತಿಕೆಯಲ್ಲಿ ಆ ಷರತ್ತಿಗೆ ಜಾಗ ಸಿಗುವುದು ಅಪರೂಪ.

ಇನ್ನೊಂದು ಗೊಂದಲ ತುಂಬಾ ಜನರಿಗೆ ಇದೆ. ಎಲ್ಲವೂ ಕಾಯ್ದೆ ಅಲ್ಲ. ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ, 200 ಯೂನಿಟ್‌ವರೆಗಿನ ಗೃಹಜ್ಯೋತಿ, ಬಸ್ಸಿನ ಶಕ್ತಿ ಯೋಜನೆ, ಇವೆಲ್ಲ ಸರ್ಕಾರಿ ಆದೇಶದ ಮೇಲೆ ನಡೆಯುತ್ತಿವೆ. ಆದೇಶವನ್ನು ಇನ್ನೊಂದು ಆದೇಶದಿಂದ ಬದಲಾಯಿಸಬಹುದು, ಅದಕ್ಕೆ ಸದನ ಬೇಕಾಗಿಲ್ಲ. ಕಾಯ್ದೆಯನ್ನು ಹಾಗೆ ಮಾಡಲು ಆಗುವುದಿಲ್ಲ. ಜಿಎಸ್‌ಟಿ ದರ ಇಳಿಸಿದ್ದನ್ನು ಸಂಸದರು ತಮ್ಮ ಪಟ್ಟಿಗೆ ಸೇರಿಸಿಕೊಂಡಿದ್ದಾರಾ ನೋಡಿ. 2025ರ ಸೆಪ್ಟೆಂಬರ್ 22ರಿಂದ ಬಂದ ಹೊಸ ದರಗಳು ಜಿಎಸ್‌ಟಿ ಮಂಡಳಿಯ ತೀರ್ಮಾನ. ಅಲ್ಲಿ ಕೂರುವವರು ಕೇಂದ್ರ ಹಣಕಾಸು ಸಚಿವರು ಮತ್ತು ಎಲ್ಲಾ ರಾಜ್ಯಗಳ ಸಚಿವರು, ನಮ್ಮ ಕ್ಷೇತ್ರದ ಸಂಸದರಲ್ಲ.

ಹಾಗಾದರೆ ಒಬ್ಬ ಶಾಸಕ ಅಂತ ಅವರು ಸ್ವತಃ ಮಾಡಿದ್ದೇನು? ನನಗೆ ಇದೇ ಅಸಲಿ ಪ್ರಶ್ನೆ ಅನ್ನಿಸುತ್ತದೆ. "ಈ ಕಾಯ್ದೆಗೆ ನಾನು ಮತ ಹಾಕಿದೆ" ಅಂದರೆ ಅದನ್ನು ಪರೀಕ್ಷಿಸಲು ಬಹುತೇಕ ಸಲ ದಾರಿಯೇ ಇಲ್ಲ. ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ. ಪರವಾಗಿರುವವರು ಹೌದು ಅನ್ನಿ, ವಿರುದ್ಧ ಇರುವವರು ಇಲ್ಲ ಅನ್ನಿ, ಅಷ್ಟೇ. ಯಾರು ಏನಂದರು ಅನ್ನುವ ದಾಖಲೆ ಉಳಿಯುವುದಿಲ್ಲ. ಯಾರಾದರೂ ಮತ ವಿಭಜನೆ ಕೇಳಿದರೆ ಮಾತ್ರ ಹೆಸರು ಹೆಸರಾಗಿ ಲೆಕ್ಕ ಸಿಗುತ್ತದೆ. ಅದೂ ಅಲ್ಲದೆ 1985ರಿಂದ ಪಕ್ಷಾಂತರ ನಿಷೇಧ ಇದೆ, ವಿಪ್ ಕೊಟ್ಟರೆ ಪಕ್ಷ ಹೇಳಿದ ಕಡೆಗೇ ಮತ ಹಾಕಬೇಕು, ಮೀರಿದರೆ ಸ್ಥಾನಕ್ಕೇ ಕುತ್ತು. ಸಂಸದರು "ನಾನು ಖಾಸಗಿ ಮಸೂದೆ ಮಂಡಿಸಿದೆ" (ಸಚಿವರಲ್ಲದ ಸದಸ್ಯರು ತರುವ ಮಸೂದೆ) ಅಂತ ಬರೆದಿದ್ದರೆ ಅದು ಒಳ್ಳೆಯ ಪ್ರಯತ್ನವೇ, ಆದರೆ ಸ್ವಾತಂತ್ರ್ಯ ಬಂದಮೇಲೆ ಇಲ್ಲಿಯವರೆಗೆ ಪಾಸಾದ ಖಾಸಗಿ ಮಸೂದೆ 14 ಮಾತ್ರ, ಕೊನೆಯದು 1970ರಲ್ಲಿ.

ಅವರ ಸ್ವಂತ ಕೆಲಸ ಕಾಣುವುದು ಪ್ರಶ್ನೆಗಳಲ್ಲಿ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಬಾಯಿಬಿಟ್ಟು ಉತ್ತರ ಕೊಡಬೇಕು, ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ. ನಾನು ಆಫೀಸಿನಲ್ಲಿದ್ದಾಗ ಕಂಡಿದ್ದು ಏನೆಂದರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಎಷ್ಟು ಹುದ್ದೆ ಖಾಲಿ ಅಂತ ಸದನದಲ್ಲಿ ಒಂದು ಪ್ರಶ್ನೆ ಹಾಕಿದರೆ ಸಾಕು, ತಿಂಗಳುಗಟ್ಟಲೆ ಪತ್ರಕ್ಕೆ ಅಲ್ಲಾಡದಿದ್ದ ಫೈಲು ಓಡಾಡಲು ಶುರುವಾಗುತ್ತಿತ್ತು, ಉತ್ತರಕ್ಕೆ ಸಚಿವರ ಸಹಿ ಬೇಕಲ್ಲ, ಇಲಾಖೆಯವರಿಗೆ ಅದರ ಬಿಸಿ ತಟ್ಟುತ್ತದೆ. ಪುಸ್ತಿಕೆಗೆ ಇದನ್ನು ಹಾಕೋಣ ಅಂದರೆ "ಯಾರು ಓದ್ತಾರೆ ಬಿಡ್ರೀ, ಗುದ್ದಲಿ ಪೂಜೆ ಫೋಟೋ ಹಾಕಿ" ಅನ್ನುತ್ತಿದ್ದರು. ಈ ಪ್ರಶ್ನೋತ್ತರಗಳು ವಿಧಾನಸಭೆಯ ಮತ್ತು ಸಂಸತ್ತಿನ ವೆಬ್‌ಸೈಟ್‌ಗಳಲ್ಲಿ ಸಿಗುತ್ತವೆ. ಹೆಸರು ಹಾಕಿ ಹುಡುಕಿ, ಐದು ನಿಮಿಷದಲ್ಲಿ ನಿಮ್ಮವರು ಏನು ಕೇಳಿದ್ದಾರೆ, ಏನೂ ಕೇಳಿಲ್ಲವಾ ಅಂತ ಗೊತ್ತಾಗುತ್ತದೆ.

ಗುದ್ದಲಿ ಪೂಜೆ ಅಂದೆ, ಅನುದಾನದ ಬಗ್ಗೆಯೂ ಒಂದು ಮಾತು. ಸಂಸದರ ನಿಧಿ ವರ್ಷಕ್ಕೆ 5 ಕೋಟಿ, ನಮ್ಮ ರಾಜ್ಯದಲ್ಲಿ ಶಾಸಕರದ್ದು 2 ಕೋಟಿ. ಕೇಳಲು ಸಂಸದರದ್ದೇ ಜಾಸ್ತಿ. ಆದರೆ ಅವರ ಒಂದು ಕ್ಷೇತ್ರದಲ್ಲಿ 8 ವಿಧಾನಸಭಾ ಕ್ಷೇತ್ರ ಬರುತ್ತವೆ. ಭಾಗಿಸಿದರೆ ತಲಾ 62.5 ಲಕ್ಷ. ಅದೂ ಅವರು ಶಿಫಾರಸು ಮಾಡಬಹುದು ಅಷ್ಟೇ, ಮಂಜೂರು ಮಾಡುವುದು ಜಿಲ್ಲಾಡಳಿತ. "ನೂರಾರು ಕೋಟಿ ತಂದೆ" ಅಂತ ಇದ್ದರೆ ಅದು ಇಲಾಖೆಗಳ ಹಣ, ಅವರ ಪ್ರಯತ್ನದಿಂದ ಬಂದಿರಲೂಬಹುದು, ತಾನಾಗಿಯೇ ಬಂದಿರಲೂಬಹುದು. ಆಡಳಿತಾತ್ಮಕ ಅನುಮೋದನೆ ಸಿಕ್ಕಿದೆಯಾ, ಟೆಂಡರ್ ಆಗಿದೆಯಾ, ಕಾರ್ಯಾದೇಶ ಕೊಟ್ಟಿದ್ದಾರಾ, ಇದನ್ನು ಕೇಳಿ.

ಅವರು ಹೇಳದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು ಅನ್ನುವ ನಿಯಮ ಇದೆ, ಆದ್ದರಿಂದ ಸಿಟ್ಟು, ಹಿನ್ನೆಲೆ, ಉಪದೇಶ ಎಲ್ಲ ಬಿಟ್ಟು ನೇರ ಕೇಳಿ. ತಮ್ಮನ ವಿಷಯಕ್ಕಾದರೆ ಕಾರ್ಮಿಕ ಇಲಾಖೆಗೆ ಹೀಗೆ ಬರೆದರೆ ಸಾಕು: ಗಿಗ್ ಕಾರ್ಮಿಕರ ಕಾಯ್ದೆಯಡಿ ಕಲ್ಯಾಣ ಶುಲ್ಕದ ದರ ನಿಗದಿ ಮಾಡಿದ ಅಧಿಸೂಚನೆಯ ಪ್ರತಿ, ನೋಂದಣಿಯಾದ ಕಂಪನಿಗಳ ಪಟ್ಟಿ, ಇಲ್ಲಿಯವರೆಗೆ ನಿಧಿಗೆ ಜಮೆಯಾದ ಮೊತ್ತ ಕೊಡಿ. ಆ ಉತ್ತರ ಬಂದ ಮೇಲೆ ಶಾಸಕರ ಆಫೀಸಿಗೆ ಅದನ್ನೇ ಹಿಡಿದುಕೊಂಡು ಹೋಗಿ, ನೋಂದಣಿ ಮಾಡಿಸದ ಕಂಪನಿಗಳ ಬಗ್ಗೆ ಮುಂದಿನ ಅಧಿವೇಶನದಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ ಹಾಕಿ ಅಂತ ಕೇಳಿ. ಅಧಿವೇಶನದ ದಿನಾಂಕ ಪ್ರಕಟವಾದ ತಕ್ಷಣ ಹೋಗುವುದು ಮುಖ್ಯ, ಪ್ರಶ್ನೆಗಳನ್ನು ಮುಂಚಿತವಾಗಿ ಕೊಡಬೇಕಾಗುತ್ತದೆ, ಕೊನೇ ಗಳಿಗೆಯಲ್ಲಿ ಹೋದರೆ ಪಿಎ "ಟೈಮ್ ಆಯ್ತು" ಅಂತಾರೆ, ಮತ್ತು ಅದು ನಿಜವೇ ಆಗಿರುತ್ತದೆ.