ಟೋಕನ್ ಆಮೇಲೆ, ಮೊದಲು ಒಂದು ಸರ್ವೆ ನಂಬರ್ ಓದಿ

ಸರ್, ನಿಮ್ಮ ಪೋಸ್ಟ್ ನೋಡಿ ಎದೆ ಧಸಕ್ಕೆಂದಿತು. ಹೊಸಕೋಟೆ ಕಡೆ 30×40 ಸೈಟು, ಇಸಿ (ನೋಂದಣಿಯಾದ ಕ್ರಯ, ಸಾಲಗಳ ಪಟ್ಟಿ) ಕ್ಲೀನ್ ಇದೆ, ಟೋಕನ್ ಅಡ್ವಾನ್ಸ್ ಕೊಟ್ಟರೆ ಸೈಟು ಕೊಳ್ಳೋದು ಹೇಗೆ ಅಂತ ಕಲಿತ ಹಾಗೂ ಆಗುತ್ತೆ ಅಂದಿದ್ದೀರಿ. ನಾನೂ ಹಾಗೇ ಕಲಿಯಲು ಹೋದವನು.

15 ವರ್ಷದ ಇಸಿ ನಂಬಿ 3 ಲಕ್ಷ ಅಡ್ವಾನ್ಸ್ ಕೊಟ್ಟೆ. ಕ್ರಯಕ್ಕೆ ಎರಡು ದಿನ ಮುಂಚೆ ಪರಿಚಯದ ವಕೀಲರು ಹಳೇ ಕೈಬರಹದ ಪಹಣಿ (ಜಮೀನಿನ ಹಕ್ಕು ದಾಖಲೆ) ತೆಗೆಸಿದರು. ಮಾಸಿದ ಶಾಯಿಯಲ್ಲಿ ಒಂದೇ ಪದ: ಮಂಜೂರಾತಿ. ದಲಿತ ಕುಟುಂಬವೊಂದಕ್ಕೆ ಸರ್ಕಾರ ಕೊಟ್ಟ ಜಮೀನು. ಪರಿಶಿಷ್ಟರಿಗೆ ಮಂಜೂರಾದ ಇಂಥ ಜಮೀನನ್ನು 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಮಾರಿದ್ದರೂ ಎಸಿ (ಉಪವಿಭಾಗಾಧಿಕಾರಿ) ಕೋರ್ಟಿನಲ್ಲಿ ವಾಪಸ್ ಕೇಳಬಹುದು, ಅದಕ್ಕೆ ಕಾಲಮಿತಿಯೂ ಇಲ್ಲ ಅಂತ 2023ರ ತಿದ್ದುಪಡಿ ಹೇಳುತ್ತೆ. ಅವರ ಜಮೀನು ಅವರಿಗೆ ಸಿಗಲಿ, ಸರಿಯೇ. ಆದರೆ ನನ್ನ 3 ಲಕ್ಷದಲ್ಲಿ ಬಂದಿದ್ದು ಒಂದೂವರೆ, ಅದೂ ಕಂತಿನಲ್ಲಿ.

ಆಮೇಲೆ ಕಲಿತಿದ್ದು ಹೀಗೆ. ನಮ್ಮೂರಿನ ಒಂದೇ ಸರ್ವೆ ನಂಬರ್ ಹಿಡಿದೆ. ಕೊಳ್ಳುವ ಜಮೀನಲ್ಲ, ಅದು ಮುಖ್ಯ. ಆಸೆ ಇದ್ದರೆ ಕಣ್ಣು ಕಾಣಲ್ಲ. ಸರ್ಕಾರದ 'ಭೂಮಿ' ವೆಬ್‌ಸೈಟಿನಲ್ಲಿ ಪಹಣಿ, ಅದರಲ್ಲಿ ಸಾಲ, ಇತರ ಹಕ್ಕು ಬರೆದಿರುವ 11ನೇ ಕಾಲಂ, ಆಮೇಲೆ ಒಂದೊಂದೇ ಎಂ.ಆರ್. (ಖಾತೆ ಬದಲಾವಣೆಯ ದಾಖಲೆ). ಹೆಸರು ಬದಲಾದ ಕಡೆಯೆಲ್ಲಾ ನಿಂತು ಕೇಳಿಕೊಂಡೆ: ಪೌತಿಯೋ (ಮಾಲೀಕ ತೀರಿಕೊಂಡು ವಾರಸುದಾರರಿಗೆ ಬಂದದ್ದೋ), ವಿಭಾಗವೋ, ಕ್ರಯವೋ? ವಂಶವೃಕ್ಷ ಬರೆದೆ. ವಿಭಾಗಪತ್ರದಲ್ಲಿ ಆ ಕುಟುಂಬದ ಒಬ್ಬ ಅಕ್ಕನ ಸಹಿಯೇ ಇರಲಿಲ್ಲ! ಯಾವ ಕೋರ್ಸಿನಲ್ಲೂ ಇದನ್ನು ಹೇಳಿಕೊಡಲ್ಲ. 25 ಸಾವಿರದ ವಾರಾಂತ್ಯದ ಕೋರ್ಸ್‌ಗಳಲ್ಲಿ ಬರೀ 'ಪ್ಯಾಸಿವ್ ಇನ್‌ಕಮ್' ಅಲ್ವಾ? ಸುಮ್ನೆ ದುಡ್ಡು ದಂಡ.

ಇಸಿ ಬೇಡ ಅಂತಲ್ಲ. ಆದರೆ ರಿಜಿಸ್ಟರ್ ಆಗದ ಅಗ್ರಿಮೆಂಟ್ ಅದರಲ್ಲಿ ಬರಲ್ಲ. ನೋಂದಣಿ ಇಲಾಖೆಯ 'ಕಾವೇರಿ' ವೆಬ್‌ಸೈಟಿನಲ್ಲಿ 2004ಕ್ಕಿಂತ ಹಿಂದಿನದು ಸಿಗದಿದ್ದರೆ ಸಬ್ ರಿಜಿಸ್ಟ್ರಾರ್ ಆಫೀಸಿಗೇ ಹೋಗಿ. ಜಿಪಿಎ (ಅಧಿಕಾರ ಪತ್ರ) ಮೇಲೆ ಕೊಡ್ತೀನಿ ಅಂದವರಿಗೆ ದೂರದಿಂದಲೇ ನಮಸ್ಕಾರ, 2011ರಲ್ಲೇ ಸುಪ್ರೀಂ ಕೋರ್ಟ್ ಅದು ಕ್ರಯವಲ್ಲ ಅಂದಿದೆ. ಲೇಔಟ್‌ಗೆ ರೇರಾ (ರಿಯಲ್ ಎಸ್ಟೇಟ್ ಪ್ರಾಧಿಕಾರ) ನಂಬರ್ ಇದ್ದರೆ ಒಳ್ಳೆಯದು, ಆದರೆ ಅದು ಟೈಟಲ್‌ಗೆ, ಅಂದರೆ ಮಾಲೀಕತ್ವಕ್ಕೆ, ಗ್ಯಾರಂಟಿ ಅಲ್ಲ.

ದಿಶಾಂಕ್ ಆ್ಯಪ್ ನನಗೆ ತುಂಬಾ ಇಷ್ಟ. ಜಾಗದಲ್ಲಿ ನಿಂತು ತೆರೆದರೆ ಸರ್ವೆ ನಂಬರ್ ತೋರಿಸುತ್ತೆ. ಬ್ರೋಕರ್ ಹೇಳಿದ ನಂಬರೇನಾ ಅಂತ ಅಲ್ಲೇ ಗೊತ್ತಾಗುತ್ತೆ. ಗಡಿಗೆ ಮಾತ್ರ ಅದನ್ನು ನಂಬಬೇಡಿ, ಹದ್ದುಬಸ್ತು (ಸರ್ವೇಯರ್ ಬಂದು ಗಡಿ ಅಳೆಯೋದು) ಮಾಡಿಸಿ. ಹಾಂ, ಜಾಗ ನೋಡೋಕೆ ಬ್ರೋಕರ್ ಕಾರಲ್ಲಿ ಹೋಗಬೇಡಿ. ಜೋರು ಮಳೆ ಬಂದ ಮಾರನೇ ದಿನ ಒಬ್ಬರೇ ಹೋಗಿ, ನೀರು ಎಲ್ಲಿ ನಿಂತಿದೆ ನೋಡಿ. ಪಕ್ಕದ ಹೊಲದವರ ಜೊತೆ ಟೀ ಕುಡಿಯಿರಿ, ಕೇಸಿದ್ದರೆ ಅವರೇ ಹೇಳ್ತಾರೆ.

ಟೋಕನ್ ಇನ್ನೂ ಕೊಟ್ಟಿಲ್ಲ ತಾನೆ? ಸರ್ವೆ ನಂಬರ್ ಇಲ್ಲಿ ಹಾಕಿ, ಪಹಣಿ ನಾನೂ ನೋಡ್ತೀನಿ.