ಆಮ್ಲಜನಕ ಬಿಡಿ, ಬೆಟ್ಟದ ಬಗ್ಗೆ ಬರೆಯಿರಿ

ನಮಸ್ಕಾರ.

ನೀವು ಕಳಿಸಿದ ‘ಹಸಿರೇ ಉಸಿರು’ ಲೇಖನ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ‘ಸ್ಥಳಾಭಾವ’ ಅಂತ ಒಂದು ಸಾಲು ಬರೆದು ಸುಮ್ಮನಾಗಬಹುದಿತ್ತು. ಆದರೆ ಶಿರಸಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ ಕೂತು ಹವಾಮಾನದ ಬಗ್ಗೆ ಬರೆಯುವವರು ಕಡಿಮೆ. ಬರೆದರೂ ಬೆಂಗಳೂರಿನ ಪೇಪರ್ ಓದಿ ಬರೆದಂತೆ ಇರುತ್ತದೆ. ನಿಮ್ಮದೂ ಮುಕ್ಕಾಲು ಪಾಲು ಹಾಗೇ ಇದೆ. ಉಳಿದ ಕಾಲು ಪಾಲಿಗಾಗಿ ಈ ಪತ್ರ.

ಗಿಡ ನೆಟ್ಟರೆ ಆಮ್ಲಜನಕ ಬರುತ್ತದೆ, ಹೊಗೆ ಹೋಗುತ್ತದೆ, ಮಳೆ ಬರುತ್ತದೆ, ಭೂಮಿ ತಂಪಾಗುತ್ತದೆ. ಇದು ನಿಮ್ಮ ವಾದ. ನಾಲ್ಕನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದೀರಿ.

ಆಮ್ಲಜನಕದ ಪ್ಯಾರಾ ಪೂರ್ತಿ ತೆಗೆಯಿರಿ. ಅಮೆಜಾನ್ ಕಾಡು ಜಗತ್ತಿಗೆ ಶೇ 20ರಷ್ಟು ಆಮ್ಲಜನಕ ಕೊಡುತ್ತದೆ ಎಂಬುದು ಎಲ್ಲರೂ ಬರೆಯುವ ಮಾತು, ಆದರೆ ಸರಿಯಲ್ಲ. ಬೆಳೆದ ಕಾಡು ತಾನು ಬಿಟ್ಟ ಆಮ್ಲಜನಕವನ್ನು ಹೆಚ್ಚುಕಡಿಮೆ ತಾನೇ ಬಳಸಿಕೊಳ್ಳುತ್ತದೆ. ಮರಗಳೂ ಉಸಿರಾಡುತ್ತವೆ, ಬಿದ್ದ ಎಲೆ ಕೊಳೆಯುವುದಕ್ಕೂ ಅದೇ ಬೇಕು. ಹವಾಮಾನಕ್ಕೆ ಮುಖ್ಯವಾದದ್ದು ಮರದಲ್ಲಿ, ಅದಕ್ಕಿಂತಲೂ ಮಣ್ಣಿನಲ್ಲಿ ಕೂತಿರುವ ಇಂಗಾಲ. ಮಣ್ಣಿನ ಬಗ್ಗೆ ಇಡೀ ಲೇಖನದಲ್ಲಿ ಒಂದು ಮಾತೂ ಇಲ್ಲವಲ್ಲ!

ಹೊಗೆ ಭೂಮಿಯನ್ನು ಬಿಸಿ ಮಾಡುತ್ತದೆ ಅಂತ ಬರೆದಿದ್ದೀರಿ. ಯಾವ ಹೊಗೆ? ಒಲೆಯ ಕಪ್ಪು ಮಸಿ ಬಿಸಿಲು ಹೀರಿ ಬಿಸಿ ಮಾಡುತ್ತದೆ, ನಿಜ. ಕಲ್ಲಿದ್ದಲು ಸುಟ್ಟಾಗ ಬರುವ ಗಂಧಕದ ಕಣಗಳು ಬಿಸಿಲನ್ನು ವಾಪಸ್ ಕಳಿಸಿ ತಂಪು ಮಾಡುತ್ತವೆ. 1991ರಲ್ಲಿ ಫಿಲಿಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದಾಗ ಮುಂದಿನ ವರ್ಷ ಭೂಮಿ ಸುಮಾರು ಅರ್ಧ ಡಿಗ್ರಿ ತಂಪಾಗಿದ್ದು ಇಂಥ ಕಣಗಳಿಂದಲೇ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2021ರ ವರದಿಯ ಅಂದಾಜಿನಂತೆ ನಮ್ಮ ಕಾರ್ಖಾನೆ, ವಾಹನಗಳ ಕಣಗಳೆಲ್ಲ ಸೇರಿ ಸುಮಾರು 0.4 ಡಿಗ್ರಿಯಷ್ಟು ಬಿಸಿಯನ್ನು ಮುಚ್ಚಿಟ್ಟಿವೆ. ಅಂದರೆ ಗಾಳಿ ಶುದ್ಧ ಮಾಡಿದರೆ ಆ ಮುಸುಕು ಸರಿಯುತ್ತದೆ. ಹಾಗಂತ ಹೊಗೆ ಇರಲಿ ಅಂತ ಯಾರೂ ಹೇಳುವುದಿಲ್ಲ, ಶ್ವಾಸಕೋಶ ಕೇಳಬೇಕಲ್ಲ. ಇನ್ನೊಂದು ವಿಷಯ: ಈ ಕಣಗಳು ಒಂದೆರಡು ವಾರದಲ್ಲಿ ಮಳೆಗೆ ತೊಳೆದುಹೋಗುತ್ತವೆ. ಇಂಗಾಲದ ಡೈಆಕ್ಸೈಡ್ ಶತಮಾನಗಟ್ಟಲೆ ಉಳಿಯುತ್ತದೆ. ಇವೆರಡನ್ನೂ ‘ಮಾಲಿನ್ಯ’ ಎಂಬ ಒಂದೇ ಗೋಣಿಚೀಲಕ್ಕೆ ತುಂಬಿದರೆ ಓದುಗರಿಗೆ ಏನೂ ತಿಳಿಯುವುದಿಲ್ಲ.

ಇಲ್ಲಿ ನಿಮಗೆ ಒಳ್ಳೆಯ ಕಥೆಯೊಂದು ತಪ್ಪಿಹೋಗಿದೆ. 1999ರಲ್ಲಿ ಹಿಂದೂ ಮಹಾಸಾಗರದ ಮೇಲೆ ಇಂಡೋಎಕ್ಸ್ ಎಂಬ ದೊಡ್ಡ ಅಧ್ಯಯನ ನಡೆಯಿತು. ಅದನ್ನು ಮುನ್ನಡೆಸಿದವರಲ್ಲಿ ಒಬ್ಬರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಐಐಎಸ್‌ಸಿಯಲ್ಲಿ ಓದಿದ ವಿ. ರಾಮನಾಥನ್. ದಕ್ಷಿಣ ಏಷ್ಯಾದ ಹೊಗೆ ಚಳಿಗಾಲದಲ್ಲಿ ಸಮುದ್ರದ ಮೇಲೂ ಕಂದು ಮುಸುಕಿನಂತೆ ಹರಡಿ, ಕೆಳಗೆ ಬೀಳುವ ಬಿಸಿಲನ್ನು ಕಡಿಮೆ ಮಾಡುತ್ತಿತ್ತು. ಇದರಿಂದ ಮುಂಗಾರಿಗೇ ಪೆಟ್ಟು ಬೀಳುತ್ತದೆ ಎಂಬ ಮಾತು ಬಂದಾಗ, 2002ರಲ್ಲಿ ಐಐಎಸ್‌ಸಿಯವರೇ ಆದ ಜೆ. ಶ್ರೀನಿವಾಸನ್ ಮತ್ತು ಸುಲೋಚನಾ ಗಾಡ್ಗೀಳ್ ಅದನ್ನು ಪ್ರಶ್ನಿಸಿ ಬರೆದರು. ಇಂಥ ತಕರಾರನ್ನು ಓದುಗರ ಮುಂದಿಡಿ. ‘ವಿಜ್ಞಾನಿಗಳು ಹೇಳುತ್ತಾರೆ’ ಅಂತ ಆರು ಕಡೆ ಬರೆದಿದ್ದೀರಿ. ಯಾವ ವಿಜ್ಞಾನಿಗಳು, ಯಾವಾಗ?

ಕಾಡು ಭೂಮಿಯನ್ನು ತಂಪು ಮಾಡುತ್ತದೆ ಎಂಬ ಮಾತಿಗೆ ಬರೋಣ. ಎಲ್ಲಿಯ ಕಾಡು ಅನ್ನುವುದರ ಮೇಲೆ ಉತ್ತರ ನಿಂತಿದೆ. ಸೈಬೀರಿಯಾ, ಕೆನಡಾದಂಥ ಹಿಮದ ನಾಡಿನಲ್ಲಿ ಕಡು ಬಣ್ಣದ ಕಾಡು ಬಿಸಿಲು ಹೀರಿಕೊಳ್ಳುತ್ತದೆ. ಮರ ಕಡಿದರೆ ಬಿಳಿ ಹಿಮ ಬಯಲಾಗಿ ಬಿಸಿಲು ಮರಳಿ ಹೋಗುತ್ತದೆ. ನಮ್ಮಂಥ ಉಷ್ಣ ನಾಡಿನ ಕಾಡು ನೀರು ಆವಿ ಮಾಡಿ, ಮೋಡ ಕಟ್ಟಿಸಿ, ಇಂಗಾಲವನ್ನೂ ಹಿಡಿದಿಟ್ಟು ತಂಪು ಮಾಡುತ್ತದೆ. ಈಗ ಐಐಎಸ್‌ಸಿಯಲ್ಲಿರುವ ಜಿ. ಬಾಲಾ ಮತ್ತು ಸಂಗಡಿಗರು 2007ರಲ್ಲೇ ಇದನ್ನು ಕಂಪ್ಯೂಟರ್ ಮಾದರಿಯಲ್ಲಿ ತೋರಿಸಿದ್ದರು. ಹಾಗಾದರೆ ಉತ್ತರದ ಕಾಡು ಹೋದರೆ ನಮಗೇನು ಅಂತ ಕೇಳಬೇಡಿ. 2015ರಲ್ಲಿ ಅವರ ತಂಡ ಇನ್ನೊಂದು ಲೆಕ್ಕ ಹಾಕಿತು. ಉತ್ತರದ ಕಾಡುಗಳನ್ನು ದೊಡ್ಡ ಮಟ್ಟದಲ್ಲಿ ಬೋಳಿಸಿದರೆ ಉಷ್ಣವಲಯದ ಮಳೆಪಟ್ಟಿಯೇ ದಕ್ಷಿಣಕ್ಕೆ ಸರಿಯುತ್ತದೆ. ಎಲ್ಲರಿಗಿಂತ ಜಾಸ್ತಿ ಪೆಟ್ಟು ನಮಗೇ. ಆ ಮಾದರಿಯಲ್ಲಿ ಭಾರತದ ಮಳೆ ಶೇ 18ರಷ್ಟು ಇಳಿದಿತ್ತು. ಇಲ್ಲಿ ಕಡಿದದ್ದಕ್ಕಿಂತ ಅಲ್ಲಿ ಕಡಿದದ್ದೇ ನಮ್ಮ ಮುಂಗಾರಿಗೆ ಹೆಚ್ಚು ತಟ್ಟಿತು! ಇದು ಅಲ್ವಾ ಲೇಖನದ ಸರಕು? ಗಿಡ ನೆಡುವ ಶಾಲಾ ಮಕ್ಕಳ ಫೋಟೊ ಯಾರಿಗೆ ಬೇಕು?

ಘಟ್ಟದ ಮಳೆ ಕಾಡಿನಿಂದಲೇ ಬರುತ್ತದೆ ಎಂದದ್ದನ್ನೂ ತಿದ್ದಿ. ಅರಬ್ಬಿ ಸಮುದ್ರದ ಗಾಳಿಯನ್ನು ತಡೆದು ಮೇಲೆತ್ತುವುದು ಬೆಟ್ಟಸಾಲು. ಕಾಡು ಆ ನೀರನ್ನು ಹಿಡಿದಿಟ್ಟು, ಸ್ವಲ್ಪವನ್ನು ಮತ್ತೆ ಗಾಳಿಗೆ ಕೊಡುತ್ತದೆ. ಅದರ ಒಂದು ಪಾಲು ತಮಿಳುನಾಡಿನ ಮಳೆಗೂ ಹೋಗುತ್ತದೆ.

ಇನ್ನು ನಾಲ್ಕನೇ ಪುಟ. ಪಕ್ಕದ ಮನೆಯವರು ಸೊಪ್ಪಿನ ಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡಿಗೆ) ಜೆಸಿಬಿ ತಂದು, ಸಪಾಟು ಮಾಡಿ, ಅಡಿಕೆ ಸಸಿ ಹಾಕಿದ ವಿಷಯ ಐದೇ ಸಾಲಿನಲ್ಲಿ ಬರುತ್ತದೆ. ಆಮೇಲೆ ಹಳ್ಳದ ನೀರು ಬೇಗ ಬತ್ತತೊಡಗಿತು ಅಂತ ನಿಮ್ಮ ಅಪ್ಪ ಹೇಳಿದ್ದೂ ಇದೆ. ಆರನೇ ಸಾಲಿಗೆ ನೀವು ಪ್ಯಾರಿಸ್ ಒಪ್ಪಂದಕ್ಕೆ ಹಾರಿದ್ದೀರಿ. ಯಾಕೆ? ನಿಮ್ಮ ಲೇಖನ ಇದ್ದದ್ದೇ ಆ ಐದು ಸಾಲಿನಲ್ಲಿ.

ಅಲ್ಲಿಂದ ಶುರು ಮಾಡಿ. ಆ ಬೆಟ್ಟದ ಸೊಪ್ಪು, ದರಕು (ಒಣಗಿ ಬಿದ್ದ ಎಲೆ) ಮೊದಲು ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರವಾಗಿ ತೋಟಕ್ಕೆ ಹೋಗುತ್ತಿತ್ತು. ಈಗ ಅದರ ಬದಲು ಯೂರಿಯಾ ಬಂತಾ? ಬಂದಿದ್ದರೆ ಅದರಿಂದ ಹೊರಡುವ ನೈಟ್ರಸ್ ಆಕ್ಸೈಡ್, ತೂಕಕ್ಕೆ ತೂಕ ಹಾಕಿದರೆ, ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿನ 273 ಪಟ್ಟು ಬಿಸಿ ಮಾಡುತ್ತದೆ. ಮಗುಚಿದ ಮಣ್ಣು ಮೊದಲ ಮಳೆಗೆ ಎಲ್ಲಿಗೆ ಹೋಯಿತು? ಕಡಿದ ಮರ ಯಾರ ಒಲೆಗೆ ಹೋಯಿತು? ಕೆಂಪಡಿಕೆ ಬೇಯಿಸುವ ಹಂಡೆಯ ಕೆಳಗೆ ಒಂದು ಸುಗ್ಗಿಗೆ ಎಷ್ಟು ಕಟ್ಟಿಗೆ ಉರಿಯುತ್ತದೆ ಅಂತ ಮನೆಯಲ್ಲೇ ಕೇಳಿ. ದೆಹಲಿಯ ಹೊಗೆಗೆ ಎರಡು ಪುಟ ಕೊಟ್ಟಿರುವ ನೀವು ಆ ಒಲೆಯ ಮಸಿಗೆ ಒಂದು ಸಾಲನ್ನೂ ಕೊಟ್ಟಿಲ್ಲ. ಕಟ್ಟಿಗೆ ಉಳಿಸುವ ‘ಅಸ್ತ್ರ’ ಒಲೆ ಐಐಎಸ್‌ಸಿಯಿಂದ ಹಳ್ಳಿಗಳಿಗೆ ಬಂದು ದಶಕಗಳೇ ಆದವು. ನಿಮ್ಮೂರಲ್ಲಿ ಯಾರಾದರೂ ಹಾಕಿಸಿಕೊಂಡಿದ್ದಾರಾ? ಹಾಕಿಸಿ ಬಿಟ್ಟವರಿದ್ದರೆ ಇನ್ನೂ ಒಳ್ಳೆಯದು, ಯಾಕೆ ಬಿಟ್ಟರು ಅಂತ ಕೇಳಿ.

‘ಅರಣ್ಯ ಹೆಚ್ಚಾಗಿದೆ’ ಅಂತ ಸರ್ಕಾರಿ ವರದಿಯ ಅಂಕಿ ಕೊಟ್ಟಿದ್ದೀರಿ. 2023ರ ವರದಿಯಂತೆ ಅರಣ್ಯ ಮತ್ತು ಮರಗಳ ಹೊದಿಕೆ ಸೇರಿ ದೇಶದ ಶೇ 25.17. ಅಂಕಿ ಸರಿ. ಆದರೆ ಆ ಲೆಕ್ಕದಲ್ಲಿ ಒಂದು ಹೆಕ್ಟೇರಿಗಿಂತ ದೊಡ್ಡದಾದ, ಶೇ 10ರಷ್ಟಾದರೂ ಮರದ ನೆರಳಿರುವ ಜಾಗವೆಲ್ಲ ಅರಣ್ಯ ಹೊದಿಕೆಯೇ. ಅದು ಯಾರದು, ಯಾವ ಮರ ಅಂತ ಕೇಳುವುದಿಲ್ಲ. ಅಕೇಶಿಯಾ ನೆಡುತೋಪೂ ಸೈ, ತೋಟವೂ ಸೈ. ಹಾಗಾಗಿ ನಿಮ್ಮ ಪಕ್ಕದ ಬೆಟ್ಟ ಅಡಿಕೆ ತೋಟವಾಗಿ ಬೆಳೆದ ಮೇಲೆ ಉಪಗ್ರಹದ ಕಣ್ಣಿಗೆ ಏನೂ ಕಳೆದಿಲ್ಲದಂತೆ ಕಾಣಬಹುದು. ಹಳ್ಳಕ್ಕೆ ಮಾತ್ರ ಗೊತ್ತಾಗುತ್ತದೆ. ಆ ಅಂಕಿಯನ್ನು ನಿಮ್ಮ ಅಪ್ಪನ ಮಾತಿನ ಪಕ್ಕದಲ್ಲಿಟ್ಟು ಬರೆಯಿರಿ.

ಮರಗಳನ್ನು ಅಪ್ಪಿಕೊಂಡು ಕಡಿಯುವುದನ್ನು ತಡೆದ ಅಪ್ಪಿಕೋ ಚಳವಳಿಗೆ ‘80ರ ದಶಕದಲ್ಲಿ’ ಅಂದರೆ ಸಾಲದು. 1983ರ ಸೆಪ್ಟೆಂಬರ್, ಸಾಲ್ಕಣಿ. ಬಸ್ಸು ಹತ್ತಿದರೆ ತಲುಪುವ ಊರು. ಆಗ ಮರ ಅಪ್ಪಿಕೊಂಡವರ ಮನೆಯ ಬೆಟ್ಟಗಳು ಈಗ ಹೇಗಿವೆ ಅಂತ ಹೋಗಿ ನೋಡಬಹುದಲ್ಲ.

ಪಕ್ಕದ ಮನೆಯವರ ಹೆಸರು ಬೇಡ. ಅವರನ್ನು ಖಳರಂತೆ ತೋರಿಸುವುದೂ ಬೇಡ. ಅಡಿಕೆಗೆ ರೇಟು ಬಂದಾಗ ಅವರು ಮಾಡಿದ್ದನ್ನು ಇನ್ನೂ ಎಷ್ಟು ಜನ ಮಾಡಿದ್ದಾರೆ ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕೊನೆಯ ಪುಟದ ‘ಎದ್ದೇಳಿ ಕನ್ನಡಿಗರೇ’ ಕವನ ತೆಗೆಯಿರಿ. ಸಾವಿರ ಪದ ಸಾಕು. ಅಂಕಿ ಇರುವ ಕಡೆ ಎಲ್ಲಿಂದ ತೆಗೆದುಕೊಂಡಿರಿ ಅಂತ ಬದಿಯಲ್ಲಿ ಗುರುತು ಹಾಕಿ, ಅದು ನಮಗೆ ಮಾತ್ರ. ಸುಗ್ಗಿ ಕೆಲಸ ಮುಗಿಸಿಕೊಂಡು ಕಳಿಸಿ, ಅವಸರವಿಲ್ಲ.